ಶ್ರೀಲಂಕಾ ಕೆರೆ ಕೋರ್ಸ್: ತಯಾರಿಯ ಐದನೇ ತಿಂಗಳ ಟಿಪ್ಪಣಿ

18 ಮಕ್ಕಳು, ಇಬ್ಬರು ಮೇಷ್ಟ್ರು, 8 ದಿನ, 2 ಕ್ರೆಡಿಟ್. ಫೆಬ್ರುವರಿಯಲ್ಲಿ ದಾವಣಗೆರೆಯಿಂದ ಹೊರಟು ಶ್ರೀಲಂಕಾದ ಹಳೇ ಕೆರೆಗಳನ್ನು ನೋಡಿ ಬರುವ ಕೋರ್ಸ್ ಇದು. ಹೋದ ತಿಂಗಳ ಟಿಪ್ಪಣಿಯಲ್ಲಿ "ತಯಾರಿ ಮುಕ್ಕಾಲು ಪಾಲು ಮುಗೀತು" ಅಂತ ಬರೆದಿದ್ದೆ. ಆ ಸಾಲು ಹೊಡೆದು ಹಾಕಿದ್ದೇನೆ. ಯಾಕೆಂದರೆ ಕಳೆದ ಭಾನುವಾರ ಸಂತೇಬೆನ್ನೂರಿನ ಪುಷ್ಕರಣಿ ಹತ್ತಿರ ಒಬ್ಬ ಹುಡುಗನನ್ನು ಬಿಟ್ಟು ಬಸ್ ಹೊರಡಿಸಿಬಿಟ್ಟೆವು.

ಅವತ್ತು ಸೂಳೆಕೆರೆಗೆ ಪ್ರಾಕ್ಟೀಸ್ ಟ್ರಿಪ್. "ಇವತ್ತು ಸೂಳೆಕೆರೆಯೇ ಶ್ರೀಲಂಕಾ ಅಂದುಕೊಳ್ಳಿ" ಅಂತ ಬೆಳಿಗ್ಗೆಯೇ ಹೇಳಿದ್ದೆ. ಇಬ್ಬಿಬ್ಬರಂತೆ ಜೋಡಿ ಮಾಡಿದ್ದೆ. ಪ್ರತಿ ಸಲ ಬಸ್ ಹತ್ತುವಾಗ ತಲೆ ಎಣಿಸುವುದು ಸಹೋದ್ಯೋಗಿಯ ಕೆಲಸ. ಪುಷ್ಕರಣಿ ನೋಡಿ ಹೊರಟಾಗ ಅವರು ಎಣಿಸಿದರು, 20 ಸರಿಯಾಗಿ ಬಂತು. ಐದಾರು ಕಿಲೋಮೀಟರ್ ಹೋದ ಮೇಲೆ ಹಿಂದಿನ ಸೀಟಿನಿಂದ ಒಂದು ದನಿ: "ಮೇಡಂ, ನನ್ನ ಜೋಡಿ ಕಾಣ್ತಿಲ್ಲ." ನೋಡಿದರೆ ಸಹೋದ್ಯೋಗಿ ಬಸ್ಸಿನ ಕ್ಲೀನರ್ ಹುಡುಗನನ್ನೂ ಸೇರಿಸಿ ಎಣಿಸಿದ್ದರು. ಲೆಕ್ಕ ಸರಿ, ಮನುಷ್ಯ ಇಲ್ಲ. ಫೋನ್ ಮಾಡೋಣ ಅಂದರೆ ಅವನ ಫೋನ್ ನಮ್ಮ ಬಸ್ಸಿನಲ್ಲೇ ಚಾರ್ಜ್ ಆಗುತ್ತಿತ್ತು.

ವಾಪಸ್ ಹೋದಾಗ ಅವನು ಗೇಟಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದ. "ತಪ್ಪಿಸಿಕೊಂಡರೆ ಇದ್ದ ಜಾಗ ಬಿಟ್ಟು ಕದಲಬೇಡಿ ಅಂತ ನೀವೇ ಹೇಳಿದ್ರಲ್ಲ ಮೇಡಂ, ಅದಕ್ಕೇ ಕೂತೆ." ನನ್ನ ಹತ್ತು ನಿಯಮಗಳಲ್ಲಿ ಅವತ್ತು ಕೆಲಸ ಮಾಡಿದ್ದು ಅದೊಂದೇ. ಇದೇ ಶ್ರೀಲಂಕಾದ ಅನುರಾಧಪುರದ ಬಸ್ ಸ್ಟ್ಯಾಂಡಿನಲ್ಲಿ ಆಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ತಲೆ ಎಣಿಕೆ ಬಂದ್. ಈಗ ಒಬ್ಬೊಬ್ಬರಿಗೂ ಒಂದು ನಂಬರ್. ತನ್ನ ನಂಬರ್ ಕೂಗಬಾರದು, ಜೋಡಿಯನ್ನು ಮುಟ್ಟಿ ಅವನ ನಂಬರ್ ಕೂಗಬೇಕು. ಹದಿನೆಂಟೂ ಕೇಳಿಸುವ ತನಕ ಡ್ರೈವರ್ ಇಂಜಿನ್ ಶುರು ಮಾಡುವಂತಿಲ್ಲ. ಜೊತೆಗೆ ಒಂದು ಸಣ್ಣ ಕಾರ್ಡ್. ಅದರಲ್ಲಿ ಉಳಿಯುವ ಜಾಗದ ಹೆಸರು ಸಿಂಹಳ ಮತ್ತು ತಮಿಳಿನಲ್ಲಿ, ನಮ್ಮಿಬ್ಬರ ಫೋನ್ ನಂಬರ್, ಪೊಲೀಸರಿಗೆ 119, ಆಂಬುಲೆನ್ಸ್‌ಗೆ 1990. ಅಲ್ಲಿ 1990 ಉಚಿತ ಸೇವೆ. 2016ರಲ್ಲಿ ನಮ್ಮ ದೇಶದ ನೆರವಿನಿಂದಲೇ ಶುರುವಾಗಿದ್ದು. ಕಾರ್ಡ್ ಬ್ಯಾಗಿನಲ್ಲಿ ಅಲ್ಲ, ಅಂಗಿ ಜೇಬಿನಲ್ಲಿ. ಹುಡುಗಿಯರ ಚೂಡಿದಾರಕ್ಕೆ ಜೇಬೇ ಇರಲ್ಲ ಅನ್ನುವುದು ನನಗೇ ಹೊಳೆದಿರಲಿಲ್ಲ, ಅವರೇ ಹೇಳಿದರು. ಅವರಿಗೆ ಕೊರಳಿಗೆ ಹಾಕುವ ಟ್ಯಾಗ್.

ಇಷ್ಟೆಲ್ಲ ಆದರೂ ಸೂಳೆಕೆರೆ ಮಾತ್ರ ಮೋಸ ಮಾಡಲಿಲ್ಲ. ಏರಿ ಮೇಲೆ ನಿಂತು ತೂಬು ನೋಡಿದೆವು. ಸಿದ್ದ ನಾಲೆ, ಬಸವ ನಾಲೆ ಎಲ್ಲಿಂದ ಹೊರಡುತ್ತವೆ ಅಂತ ಗುರುತು ಮಾಡಿದೆವು. ಕೋರ್ಸಿನ ಜೀವ ಇರುವುದೇ ಇಲ್ಲಿ. ನಮ್ಮ ತೂಬಿಗೆ ಶ್ರೀಲಂಕಾದವರದು ಬಿಸೋಕೊಟುವ: ಏರಿಯೊಳಗೆ ಕಟ್ಟಿದ ಚೌಕದ ಬಾವಿ, ನೀರಿನ ರಭಸವನ್ನು ಅಲ್ಲೇ ತಗ್ಗಿಸಿ ಹೊರಗೆ ಬಿಡುತ್ತದೆ. ನಮ್ಮ ಕೆರೆಗೆ ಅವರದು ವೆವ. ನಮ್ಮ ನೀರುಗಂಟಿಯ ಹಾಗೆ ಅಲ್ಲಿ ವೆಲ್ ವಿದಾನೆ ಅಂತ ಇದ್ದರು, ಗದ್ದೆಗಳಿಗೆ ನೀರು ಹಂಚುವ ಉಸ್ತುವಾರಿ ಅವರದು. ಕಲಾ ವೆವದಿಂದ ಅನುರಾಧಪುರದ ತಿಸ್ಸ ವೆವಕ್ಕೆ ಜಯಗಂಗಾ ಅನ್ನುವ 87 ಕಿಲೋಮೀಟರ್ ಕಾಲುವೆ ಇದೆ. ಐದನೇ ಶತಮಾನದ ಧಾತುಸೇನನ ಕಾಲದ್ದು. ಮೊದಲ 17 ಮೈಲಿಯಲ್ಲಿ ಮೈಲಿಗೆ ಬರೀ 6 ಇಂಚು ಇಳಿಜಾರು! ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು ಬರಲ್ಲ ಅಂತ ಪ್ರತಿ ವರ್ಷ ಜಗಳ ನೋಡುವ ಮಕ್ಕಳಿಗೆ ಈ ಅಂಕಿಯ ಬೆಲೆ ಬೇಗ ಗೊತ್ತಾಗುತ್ತದೆ. ಪೊಲೊನ್ನರುವದ ಪರಾಕ್ರಮ ಸಮುದ್ರಕ್ಕೆ ಎರಡು ಪೂರ್ತಿ ದಿನ ಇಟ್ಟಿದ್ದೇನೆ. ಅದು 12ನೇ ಶತಮಾನದ ಪರಾಕ್ರಮಬಾಹು ರಾಜನ ಹೆಸರಿನ ಕೆರೆ.

ಫೆಬ್ರುವರಿಯೇ ಯಾಕೆ ಅಂತ ಕೆಲವರು ಕೇಳಿದ್ದರು. ಆ ಕಡೆ ಒಣ ಸೀಮೆಗೆ ಮಳೆ ಬರುವುದು ಈಶಾನ್ಯ ಮಾರುತದಲ್ಲಿ, ಹೆಚ್ಚಾಗಿ ಅಕ್ಟೋಬರಿನಿಂದ ಜನವರಿ ತನಕ. ಅದು ಮುಗಿದ ಮೇಲೆ ಹೋದರೆ ಕೆರೆ ತುಂಬಿರುತ್ತದೆ, ನಮಗೂ ಓಡಾಡಲು ಸುಲಭ. ತಿಂಗಳು ಸರಿಯಾಗೇ ಆರಿಸಿದ್ದೆ, ಎಡವಿದ್ದು ದಿನದಲ್ಲಿ. ಅಲ್ಲಿನ ಇಂಜಿನಿಯರ್ ಒಬ್ಬರ ಭೇಟಿಗೆ ನಾನು ಕೇಳಿದ್ದ ದಿನ ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆ ಪೋಯ, ಸರ್ಕಾರಿ ರಜೆ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಹುಣ್ಣಿಮೆ ಇತ್ತು, ಸುಮ್ನೆ ತಲೆ ಎತ್ತಿ ನೋಡಿದ್ದರೆ ಸಾಕಿತ್ತು.

ಪಾಸ್‌ಪೋರ್ಟ್ ಕಥೆ ಇನ್ನೂ ಮುಗಿದಿಲ್ಲ. ಶುರುವಿನಲ್ಲಿ 4 ಜನರ ಹತ್ತಿರ ಮಾತ್ರ ಇತ್ತು, ಈಗ 15. ಉಳಿದ ಮೂವರದೂ ಇನಿಶಿಯಲ್ ಸಮಸ್ಯೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರಿನಲ್ಲಿ ಅದೇ ಅಕ್ಷರ ಬಿಡಿಸಿ ಬರೆದಿದ್ದಾರೆ, ಒಂದರಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಅಜ್ಜನ ಹೆಸರು. ಪಾಸ್‌ಪೋರ್ಟಿಗೆ ಇನಿಶಿಯಲ್ ನಡೆಯಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ವಿಮಾನದ ಟಿಕೆಟ್ಟಿನಲ್ಲೂ ಅದೇ ಹೆಸರು ಇರಬೇಕು. ಅದಕ್ಕೇ ಎಲ್ಲರ ಪಾಸ್‌ಪೋರ್ಟ್ ಕೈಗೆ ಬರುವ ತನಕ ಟಿಕೆಟ್ ಮಾಡಿಸಲ್ಲ. ಪೂರ್ತಿ ಹಣ ಮುಂಗಡ ಕೇಳಿದ ಏಜೆಂಟರೊಬ್ಬರಿಗೂ ಇದನ್ನೇ ಹೇಳಿದೆ, ಅವರಿಗೆ ಬೇಜಾರಾಯಿತು, ಆಗಲಿ.

ಪೋಷಕರ ಸಭೆಗೆ ವಿಮೆ, ಆಸ್ಪತ್ರೆ ಅಂತ ದೊಡ್ಡ ಪಟ್ಟಿ ಹಿಡಿದು ಹೋಗಿದ್ದೆ. ಮೊದಲ ಪ್ರಶ್ನೆ ಬಂದಿದ್ದು ಜಗಳೂರು ಕಡೆಯ ತಾಯಿಯೊಬ್ಬರಿಂದ. "ಊಟಕ್ಕೆ ಏನ್ ಮಾಡ್ತೀರಿ ಮೇಡಂ? ನಮ್ಮ ಹುಡುಗಿ ಮೊಟ್ಟೆನೂ ಮುಟ್ಟಲ್ಲ." ಒಳ್ಳೇ ಪ್ರಶ್ನೆ. ಅಲ್ಲಿ ಒಣಮೀನಿನ ಚೂರನ್ನು ಕಾಯಿ ಚಟ್ನಿಗೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಅದಕ್ಕೆ ಉಂಬಲಕಡ ಅಂತ ಹೆಸರು. ಸಸ್ಯಾಹಾರಿಗಳು ಕಲಿಯಬೇಕಾದ ಮೊದಲ ಸಿಂಹಳ ಪದ ಅದೇ ಅಂತ ಹೇಳಿದೆ. ಸಭೆ ನಕ್ಕಿತು, ಆ ತಾಯಿ ಚೀಟಿಯಲ್ಲಿ ಬರೆದುಕೊಂಡರು.

ಶ್ರೀಲಂಕಾದ ಓಡಾಟಕ್ಕೆ ಎರಡು ನಿಯಮ ಗಟ್ಟಿ ಮಾಡಿದ್ದೇನೆ. ಯಾವ ಕೆರೆಗೂ ಇಳಿಯುವಂತಿಲ್ಲ, ಮೊಸಳೆ ಇರುತ್ತವೆ. ಕತ್ತಲಾದ ಮೇಲೆ ಹಬರಣದಿಂದ ಪೊಲೊನ್ನರುವದ ರಸ್ತೆಗೆ ಬಸ್ ಇಳಿಸುವಂತಿಲ್ಲ, ಅದು ಆನೆಗಳು ಓಡಾಡುವ ದಾರಿ. ಸಿಗಿರಿಯ ಬಂಡೆ ಹತ್ತುವ ವಿಚಾರ ಇನ್ನೂ ಜಗಳದಲ್ಲಿದೆ. ಕೆಳಗಿನ ನೀರಿನ ತೋಟ ನೋಡಿದರೆ ಕೋರ್ಸಿಗೆ ಸಾಕು, ಮೇಲೆ ಕಣಜದ ಗೂಡುಗಳಿವೆ ಅನ್ನುವುದು ನನ್ನ ವಾದ. "ದುರ್ಗದ ಕೋಟೆ ಹತ್ತಿ ಬೆಳೆದವರಿಗೆ ಅದೇನು ಮೇಡಂ" ಅನ್ನುವುದು ಮಕ್ಕಳದು. ನಾನಿನ್ನೂ ಬಗ್ಗಿಲ್ಲ.

ಮುಂದಿನ ಪ್ರಾಕ್ಟೀಸ್ ಹಿರಿಯೂರು ಹತ್ತಿರದ ಮಾರಿಕಣಿವೆಗೆ, ಅದೇ ಬಸ್ಸಿನಲ್ಲಿ. ಹಾಜರಿ ಕೂಗಿಸುವ ಕೆಲಸ ಸಂತೇಬೆನ್ನೂರಿನಲ್ಲಿ ಉಳಿದವನಿಗೇ ಕೊಟ್ಟಿದ್ದೇನೆ. ಅವನು ಆಗಲೇ ಕ್ಲೀನರ್ ಹುಡುಗನಿಗೂ ಒಂದು ನಂಬರ್ ಕೊಟ್ಟಿದ್ದಾನೆ: ಸೊನ್ನೆ.