ಸರ್ಟಿಫಿಕೇಟ್ ಕೊಡಲ್ಲ, ಉತ್ತರ ಕೊಡ್ತೀನಿ

"ಸರ್, ನಮ್ ಹುಡುಗಂಗೆ ದಿನಾ ಹೊಸದೇ ಬೇಕು. ತಬಲಾ ಬಿಟ್ಟ, ಚೆಸ್ ಬಿಟ್ಟ, ಈಗ ಡ್ರೋನ್ ಅಂತಾನೆ. ಅವನ ಬ್ರೈನೇ ಕ್ರಿಯೇಟಿವ್ ಐತಿ, ಅಲ್ವಾ?" ಪಿ.ಜೆ. ಬಡಾವಣೆಯಲ್ಲಿ ವಾಕಿಂಗ್ ಹೊರಟರೂ ಇದೇ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ಉತ್ತರ ಮೊದಲೇ ಇಟ್ಟುಕೊಂಡು, ಮೆದುಳು ಪರೀಕ್ಷಿಸೋವನು ಅಂತ ನನ್ನ ಸಹಿಗೆ ಬರ್ತೀರಿ. ನಾನು ಹಾಕಲ್ಲ.

ಹೊಸದರ ಹಂಬಲ ಒಂದು ಸ್ವಭಾವ. 1987ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಕ್ಲೋನಿಂಜರ್ ಅದನ್ನು ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕದ ಜೊತೆ ಜೋಡಿಸಿ ವಿವರಿಸಿದರು. ಅವರ ಪ್ರಶ್ನಾವಳಿಯಲ್ಲಿ ಈ ಹಂಬಲಕ್ಕೆ ನಾಲ್ಕು ಮುಖ: ಹುಡುಕಾಟದ ಉತ್ಸಾಹ, ಹಿಂದುಮುಂದು ನೋಡದೆ ನುಗ್ಗೋದು, ದುಂದು, ಶಿಸ್ತುಗೇಡು. ಅಪ್ಪ-ಅಮ್ಮಂದಿರ ಕಿವಿಗೆ ಬೀಳೋದು ಮೊದಲನೆಯದು ಮಾತ್ರ. 2008ರ ಒಂದು ಪೆಟ್ ಸ್ಕ್ಯಾನ್ (ಮೆದುಳಿನ ರಾಸಾಯನಿಕ ಚಟುವಟಿಕೆ ತೋರಿಸೋ ಸ್ಕ್ಯಾನ್) ಅಧ್ಯಯನದಲ್ಲಿ, ಹಂಬಲ ಹೆಚ್ಚಿದ್ದವರ ನಡುಮೆದುಳಲ್ಲಿ ಡೋಪಮೈನಿಗೆ ಬ್ರೇಕ್ ಹಾಕುವ ಗ್ರಾಹಕಗಳು (ರಿಸೆಪ್ಟರ್) ಕಡಿಮೆ ಕಂಡವು. ಹೊಸದು ಅವರನ್ನು ಜೋರಾಗಿ ಎಳೆಯುತ್ತೆ ಅನ್ನೋದಕ್ಕೆ ಇದು ಹೊಂದುತ್ತೆ. ಎಳೆದದ್ದು ಒಳ್ಳೆಯ ಐಡಿಯಾನಾ ಅನ್ನೋದು ಬೇರೆ ಲೆಕ್ಕ. (ಈ ಹಂಬಲಕ್ಕೂ ಡಿಆರ್‌ಡಿ4 ಅನ್ನೋ ಡೋಪಮೈನ್ ಗ್ರಾಹಕದ ಜೀನಿಗೂ 1996ರಲ್ಲಿ ಸುದ್ದಿಯಾದ ನಂಟು ಮರುಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಜೀನ್ ಟೆಸ್ಟಿಗೆ ದುಡ್ಡು ಸುರೀಬೇಡಿ.)

ಐಡಿಯಾ ಒಳ್ಳೆಯದಾ ಅನ್ನೋ ಆ ಲೆಕ್ಕ, ತಲೆ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆ ಅಳೆಯೋ ಇಇಜಿಯಲ್ಲಿ ಚೆನ್ನಾಗಿ ಕಾಣುತ್ತೆ. ಪರದೆಯ ಮೇಲೆ 'ಗೋಣಿಚೀಲ' ಅಂತ ಬರುತ್ತೆ, ಹಿಂದೆಯೇ ಒಂದೊಂದು ಸಲ ಒಂದೊಂದು ಉಪಯೋಗ: ಮೆಕ್ಕೆಜೋಳ ತುಂಬೋಕೆ; ಮಣ್ಣು ತುಂಬಿ, ತೂತು ಮಾಡಿ ಸೊಪ್ಪು ಬೆಳೆಸೋಕೆ; ಸಾರಿಗೆ ಒಗ್ಗರಣೆ ಹಾಕೋಕೆ. ಮೊದಲನೆಯದಕ್ಕೆ ಮೆದುಳು ಅಷ್ಟೇನೂ ಮಿಸುಕಲ್ಲ. ಉಳಿದೆರಡಕ್ಕೂ ಸುಮಾರು 400 ಮಿಲಿಸೆಕೆಂಡಿಗೆ ಒಂದು ಋಣ (ನೆಗೆಟಿವ್) ಅಲೆ ದೊಡ್ಡದಾಗಿ ಏಳುತ್ತೆ, ಅದರ ಹೆಸರು ಎನ್400. 'ಇದು ನನ್ನ ನೆನಪಿನ ಕಟ್ಟಿಗೆ ಹೊಂದ್ತಿಲ್ಲ' ಅನ್ನೋ ತಕರಾರು ಅದು. ಸೊಪ್ಪಿಗೂ ತಕರಾರು, ಒಗ್ಗರಣೆಗೂ ತಕರಾರು! ಇದರಲ್ಲಿ ನಡೆಯೋದು ಯಾವುದು, ಹುಚ್ಚಾಟ ಯಾವುದು ಅಂತ ವಿಂಗಡಿಸೋ ಕೆಲಸ ಅದಾದ ಮೇಲೆ, ಅರ್ಧ ಸೆಕೆಂಡು ದಾಟಿ ಬರುವ ಅಲೆಗಳಲ್ಲಿ ಕಾಣುತ್ತೆ.

ಈ ಅಲೆ ಕೆಲವೇ ಮೈಕ್ರೋವೋಲ್ಟ್. ಕಣ್ಣು ಮಿಟುಕಿಸಿದರೆ ಏಳೋ ಅಲೆ ನೂರರ ಹತ್ತಿರ ಹೋಗುತ್ತೆ, ಹಲ್ಲು ಕಚ್ಚಿದರೆ ಇನ್ನೂ ಗಲಾಟೆ. ಅದಕ್ಕೇ ಪ್ರತಿ ಬಗೆಗೂ ಮೂವತ್ತು-ನಲವತ್ತು ಉದಾಹರಣೆ ತೋರಿಸಿ ಸರಾಸರಿ ತೆಗೀಬೇಕು. ನಮ್ಮ ಕಡೆ ಕಾಟ ಇನ್ನೊಂದು: ತಲೆಗೆ ಹಚ್ಚಿದ ಕೊಬ್ಬರಿಎಣ್ಣೆ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗಲ್ಲ, ಜೆಲ್ ಎಷ್ಟು ಹಾಕಿದರೂ ವಿದ್ಯುತ್ತಿಗಿರೋ ತಡೆ ಇಳಿಯಲ್ಲ. ಹಿಂದಿನ ದಿನವೇ ಶಾಂಪೂ ಹಾಕಿ ತೊಳೆದು, ಎಣ್ಣೆ ಮುಟ್ಟದೆ ಬನ್ನಿ ಅಂದರೆ, ಅಜ್ಜಿ ಬೆಳಿಗ್ಗೆ ಸವರಿಯೇ ಕಳಿಸಿರ್ತಾರೆ.

ನೀವು ಕೇಳಬೇಕಿದ್ದದ್ದು ಇದು: ಹೊಳೆದ ಹತ್ತರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನೋದು ಅವನಿಗೆ ಗೊತ್ತಾಗುತ್ತಾ? ನೋಡೋಕೆ ಸ್ಕ್ಯಾನ್ ಬೇಡ. ಪೆನ್ನು, ಹಾಳೆ, ಮೂರು ನಿಮಿಷ ಕೊಟ್ಟು ಗೋಣಿಚೀಲದ ಉಪಯೋಗ ಬರೆಸಿ. ಪಕ್ಕದಲ್ಲಿ ಕೂತು ಹುರಿದುಂಬಿಸಬೇಡಿ; 'ಕ್ರಿಯೇಟಿವ್ ಆಗಿ ಬರಿ' ಅಂದರೇನೇ ಉತ್ತರ ಬದಲಾಗುತ್ತೆ. ಆಮೇಲೆ ಎಲ್ಲಕ್ಕಿಂತ ಒಳ್ಳೆಯದಕ್ಕೆ ಅವನೇ ಬೇರೆ ಚೀಟಿಯಲ್ಲಿ ಗುರುತು ಹಾಕಲಿ. ಪಟ್ಟಿಯನ್ನು ಹೆಸರಿಲ್ಲದೆ ಇಬ್ಬರು ಪರಿಚಯದವರಿಗೆ ಕೊಟ್ಟು, ಎಷ್ಟು ಹೊಸದು, ಎಷ್ಟು ಉಪಯೋಗ ಅಂತ ಬೇರೆ ಬೇರೆ ಅಂಕ ಹಾಕಿಸಿ. ಅವನ ಆಯ್ಕೆಯೂ ಅವರ ಅಂಕವೂ ಪದೇಪದೇ ಒಂದೇ ಕಡೆ ಬಂದರೆ ಖುಷಿಪಡಿ.

ಪಟ್ಟಿ ಉದ್ದ ಇದೆ ಅಂತ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಬೇಡಿ.