ತಾವರೆಗೆ ಯಾರು ನೆಂಟರು?

ಬಾಟನಿ ತಗೊಂಡೋರೆಲ್ಲಾ ಮನಸಾರೆ ಬೈದಿರೋ ಚಾಪ್ಟರ್ ಅಂದ್ರೆ ಟ್ಯಾಕ್ಸಾನಮಿ, ಗಿಡಗಳನ್ನ ಗುಂಪು ಗುಂಪಾಗಿ ವಿಂಗಡಿಸೋ ಪಾಠ. "ಬೆಂಥಮ್ ಮತ್ತು ಹೂಕರ್ ವರ್ಗೀಕರಣವನ್ನು ಗುಣದೋಷಗಳೊಂದಿಗೆ ವಿವರಿಸಿ" ಅನ್ನೋ ಪ್ರಶ್ನೆ ಬರೋದು ಗ್ಯಾರಂಟಿ, ಹಿಂದಿನ ರಾತ್ರಿ ಕೂತು ಉರು ಹೊಡೆದು, ಹಾಲ್‌ನಲ್ಲಿ ಕಕ್ಕಿ, ಹೊರಗೆ ಬರೋಷ್ಟ್ರಲ್ಲಿ ಮರೆಯೋದೂ ಗ್ಯಾರಂಟಿ. ನಮ್ಮ ಬ್ಯಾಚಲ್ಲಿ ಹಾಗಾಗ್ಲಿಲ್ಲ ಅಂದ್ರೆ ಅದಕ್ಕೆ ನಮ್ಮ ಬಾಟನಿ ಮೇಡಂ ಕಾರಣ. ವೈವಾದಲ್ಲಿ, ಅಂದ್ರೆ ಬಾಯಿ ಪರೀಕ್ಷೆಯಲ್ಲಿ, ಗುರುತಿಸೋಕೆ ಇಡೋ ಯಾವ ಸ್ಪಾಟರ್ ಕೈಗೆ ಕೊಟ್ರೂ ಅವರು ಮೊದಲು ಹೆಸರು ಕೇಳ್ತಿರಲಿಲ್ಲ, "ಇದಕ್ಕೆ ಯಾರು ನೆಂಟರು, ಹೇಗೆ ಹೇಳ್ತೀಯಾ?" ಅಂತ ಕೇಳೋರು, ಹೆಸರು ಗೊತ್ತಿದ್ದೋರೂ ಅಲ್ಲೇ ತಬ್ಬಿಬ್ಬು.

ಬ್ರಿಟಿಷ್ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಕೂತು ಬರೆದ ಪದ್ಧತಿ ಅದು. ಡಾರ್ವಿನ್‌ನ ಪುಸ್ತಕ 1859ರಲ್ಲೇ ಬಂದಿತ್ತು, ಆದ್ರೂ ಇವರ ಪದ್ಧತಿ ವಿಕಾಸದ ಮೇಲೆ ನಿಂತಿಲ್ಲ. ಪೈನ್, ಸೈಕಾಸ್ ತರದ, ಹೂವಿಲ್ಲದೆ ಬರೀ ಬೀಜ ಬಿಡೋ ಜಿಮ್ನೋಸ್ಪರ್ಮ್‌ಗಳನ್ನ ತಗೊಂಡೋಗಿ ದ್ವಿದಳ, ಏಕದಳ ಸಸ್ಯಗಳ ಮಧ್ಯೆ ತುರುಕಿಬಿಟ್ಟಿದ್ದಾರೆ. ನಾವು ನಕ್ಕರೆ ಮೇಡಂಗೆ ಸಿಟ್ಟು ಬರೋದು. ಬೆಂಥಮ್, ಹೂಕರ್ ಗಿಡಗಳನ್ನ ಕೈಯಾರೆ ಬಿಚ್ಚಿ ನೋಡಿ ಬರೆದಿದ್ದಾರೆ, ಅದಕ್ಕೇ ಒಣಗಿಸಿದ ಗಿಡಗಳನ್ನ ಹಾಳೆಗೆ ಅಂಟಿಸಿ ಕಾಪಾಡೋ ಎಷ್ಟೋ ಹರ್ಬೇರಿಯಂಗಳಲ್ಲಿ ಇವತ್ತಿಗೂ ಶೀಟುಗಳನ್ನ ಅದೇ ಕ್ರಮದಲ್ಲಿ ಜೋಡಿಸಿಟ್ಟಿರೋದು, ಮೊದಲು ಅವರಷ್ಟು ಹೂವು ನೋಡಿ ಆಮೇಲೆ ನಗಿ ಅನ್ನೋರು. ಈಗ ಯೋಚಿಸಿದ್ರೆ ಅವರ ಮಾತೇ ಸರಿ ಅನ್ಸುತ್ತೆ.

ಜರೀಗಿಡದ (ಫರ್ನ್) ಪ್ರಾಕ್ಟಿಕಲ್ ಬಗ್ಗೆ ಹೇಳ್ಲೇಬೇಕು. ಎಲೆ ಅಡಿ ಇರೋ ಕಂದು ಚುಕ್ಕೆಗಳನ್ನ ಎಲ್ಲರೂ ನೋಡಿರ್ತೀವಿ, ಅದ್ರಿಂದ ಉದುರೋ ಸ್ಪೋರು, ಅಂದ್ರೆ ಧೂಳಿನಂಥ ಬೀಜಕಣ, ನೇರವಾಗಿ ಜರೀಗಿಡ ಆಗಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ಹಾಳೆ ಆಗುತ್ತೆ, ಪ್ರೋಥಾಲಸ್ ಅಂತಾರಲ್ಲ, ಅದು. ಮೇಡಂ ಅದನ್ನ ಕುಂಡದ ಒದ್ದೆ ಮಣ್ಣಿಂದ ಬ್ರಷ್‌ನಲ್ಲಿ ಎತ್ತಿ ಸ್ಲೈಡ್ ಮೇಲೆ ಬೋರಲಾಗಿ ಹಾಕಿ ಒಂದು ಹನಿ ನೀರು ಬಿಟ್ರು. ಹೃದಯದ ಸೀಳಿನ ಹತ್ರ ಹೆಣ್ಣಂಗಗಳು, ಕೆಳಗೆ ಬೇರಿನಂಥ ಕೂದಲುಗಳ ನಡುವೆ ಗುಂಡುಗುಂಡಗೆ ಗಂಡಂಗಗಳು. ಸ್ವಲ್ಪ ಹೊತ್ತಿಗೆ ಆ ಗುಂಡು ಒಡೆದು ಸುರುಳಿ ಸುರುಳಿ ವೀರ್ಯಾಣುಗಳು ಗಿರಗಿರ ತಿರುಗ್ತಾ ನೀರಲ್ಲಿ ಈಜೋಕೆ ಶುರು ಮಾಡಿದ್ವು. ಗಿಡದಲ್ಲಿ ಈಜೋ ವೀರ್ಯಾಣು! ಗಿಡಗಳ ಪೂರ್ವಜರು ನೀರು ಬಿಟ್ಟು ನೆಲಕ್ಕೆ ಹತ್ತಿ ಸುಮಾರು 47 ಕೋಟಿ ವರ್ಷ ಆಗಿದ್ರೂ ಜರೀಗಿಡಕ್ಕೆ ಸಂತಾನ ಬೇಕು ಅಂದ್ರೆ ಇವತ್ತಿಗೂ ಒಂದು ಹನಿ ನೀರು ಬೇಕೇ ಬೇಕು.

ಅದನ್ನ ನೋಡಿದ್ಮೇಲೆ ಮಿಕ್ಕಿದ್ದೆಲ್ಲಾ ತಾನಾಗೇ ತಲೆಗೆ ಹತ್ತಿತು. ಹಾವಸೆಯಲ್ಲಿ ನಮಗೆ ಕಾಣೋ ಹಸಿರೆಲ್ಲಾ ಈ ಪ್ರೋಥಾಲಸ್ ತರದ, ವೀರ್ಯಾಣು, ಅಂಡ ಮಾಡೋ ಪೀಳಿಗೆಯೇ, ಜರೀಗಿಡದಲ್ಲಿ ಅದು ಸಣ್ಣ ಹಾಳೆ, ಹೂಬಿಡೋ ಗಿಡಕ್ಕೆ ಬರೋಷ್ಟ್ರಲ್ಲಿ ಗಂಡಿನ ಕಡೆ ಎರಡು ಮೂರು ಕೋಶದ ಪರಾಗ, ಹೆಣ್ಣಿನ ಕಡೆ ಸಾಮಾನ್ಯವಾಗಿ ಏಳು ಕೋಶದ ಭ್ರೂಣಚೀಲ, ಅಷ್ಟೇ ಉಳಿದಿರೋದು. ಮಧ್ಯದಲ್ಲಿ ಸೈಕಾಸ್ ಮತ್ತು ಗಿಂಕೊ ಅನ್ನೋ ಮರ ಇವೆ, ಪರಾಗ ಗಾಳಿಲೋ ಕೀಟದ ಮೇಲೋ ಬರುತ್ತೆ, ಆದ್ರೆ ಬೀಜಾಂಡದ ಒಳಗೆ ಹೋದ್ಮೇಲೆ ವೀರ್ಯಾಣು ಹಳೇ ಚಾಳಿ ಬಿಡದೆ ಈಜುತ್ತೆ. ಜಪಾನಿನ ಸಸ್ಯಶಾಸ್ತ್ರಜ್ಞರಾದ ಹಿರಾಸೆ ಮತ್ತು ಇಕೆನೊ 1896ರಲ್ಲಿ ಇದನ್ನ ಕಂಡುಹಿಡಿದ್ರು.

ಇನ್ನು ತಾವರೆ. ನಮ್ಮ ಹಳೇ ಪುಸ್ತಕದಲ್ಲಿ ತಾವರೆ, ನೈದಿಲೆ ಎರಡೂ ಒಂದೇ ಕುಟುಂಬ, ಎರಡೂ ಕೊಳದಲ್ಲಿರುತ್ತೆ, ದೊಡ್ಡ ಹೂವು, ದುಂಡು ಎಲೆ, ಇನ್ನೇನು ಬೇಕು? ಮೇಡಂ ಎರಡರ ಪರಾಗಾನೂ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿ ಅಂದ್ರು. ತಾವರೆ ಪರಾಗದಲ್ಲಿ ಮೂರು ಸೀಳು, ನೈದಿಲೇಲಿ ಹಾಗಿಲ್ಲ. ಆಮೇಲೆ ಡಿಎನ್‌ಎ ನೋಡಿದೋರು ಇದಕ್ಕೆ ಸೀಲ್ ಹೊಡೆದ್ರು. 1998ರಲ್ಲಿ ಮೊದಲ ಸಲ ಬಂದ, ಡಿಎನ್‌ಎ ನೋಡಿ ಹೂಗಿಡಗಳನ್ನ ವಿಂಗಡಿಸೋ ಎಪಿಜಿ ಪದ್ಧತಿಯಲ್ಲಿ ತಾವರೆ ಇರೋದು ಪ್ರೋಟಿಯೇಲ್ಸ್ ಅನ್ನೋ ಗಣದಲ್ಲಿ (ಕುಟುಂಬಗಳ ಗುಂಪು), ಅಂದ್ರೆ ಹತ್ತಿರದ ನೆಂಟರು ಸಿಲ್ವರ್ ಓಕ್, ಮಕಾಡೇಮಿಯಾ ತರದ ಮರಗಳು! ನೈದಿಲೆ ಹೂಗಿಡಗಳ ವಂಶದಲ್ಲಿ ಬಹಳ ಮುಂಚೆನೇ ಬೇರೆಯಾಗಿ ಹೋದ ಕವಲು. ಒಂದೇ ಓಣೀಲಿ ಬಾಡಿಗೆಗಿದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಆಗ್ತಾರಾ ಅಂತ ಮೇಡಂ ಕೇಳಿದ್ದು, ಇಡೀ ಲ್ಯಾಬು ನಕ್ಕಿದ್ದು ಈಗಲೂ ಕಿವೀಲಿದೆ.

ಅಣಬೆಗೂ ಇದೇ ಕಥೆ. ಬಹಳ ಕಾಲ ಅದನ್ನ ಸಸ್ಯ ಅಂತಾನೇ ಲೆಕ್ಕ ಹಿಡಿದ್ರು, 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನೆಲ್ಲಾ ಐದು ಸಾಮ್ರಾಜ್ಯ ಮಾಡಿದಾಗ ಅದಕ್ಕೇ ಒಂದು ಬೇರೆ ಸಾಮ್ರಾಜ್ಯ ಸಿಕ್ತು. ವಂಶ ಹುಡುಕ್ಕೊಂಡು ಹೋದ್ರೆ ಅಣಬೆ ಗಿಡಕ್ಕಿಂತ ನಮಗೇ ಹತ್ರ. ಕೋಶದ ಗೋಡೇಲಿ ಕೀಟಗಳ ಚಿಪ್ಪಲ್ಲಿರೋ ಕೈಟಿನ್, ಕೂಡಿಡೋದು ನಮ್ಮ ಹಾಗೆ ಗ್ಲೈಕೋಜನ್, ಗಿಡದ ಹಾಗೆ ಪಿಷ್ಟ ಅಲ್ಲ. ಇಷ್ಟಾದ್ರೂ ನಮಗೆ ಅಣಬೆ ಪಾಠ ಬಂದಿದ್ದು ಬಾಟನಿ ಪೇಪರಲ್ಲೇ. ಯಾಕೆ ಮೇಡಂ ಅಂತ ಕೇಳಿದ್ದಕ್ಕೆ "ಜುವಾಲಜಿಯೋರು ತಗೊಳ್ಳಲ್ಲ ಅಂತಾರೆ, ಏನ್ ಮಾಡ್ಲಿ, ರೆಕಾರ್ಡ್ ಬರೀರಿ" ಅಂದ್ರು.