ಆವರಣ ಚಿಹ್ನೆಯ ಕಾಟವಿಲ್ಲದ ಕೆಟಗರಿ

ಕೆಟಗರಿ ಎಂದರೆ ಒಂದರ ಹಿಂದೊಂದು ಜೋಡಿಸಬಹುದಾದ ಬಾಣಗಳ ವ್ಯವಸ್ಥೆ; ಪಥಗಳನ್ನೂ ಅಂಥ ಬಾಣಗಳೆಂದುಕೊಳ್ಳಬಹುದು. ಅ, ಬ, ಕ ಎಂಬ ಮೂರು ಪಥಗಳನ್ನು ಒಂದರ ಹಿಂದೊಂದು ಜೋಡಿಸಿ, ಪ್ರತಿ ಜೋಡಣೆಯನ್ನೂ ಮತ್ತೆ [0, 1] ಎಂಬ ಅದೇ ಉದ್ದದ ಗೆರೆಯೊಳಗೇ ತುರುಕಿ ನೋಡಿ. (ಅಬ)ಕ ಎಂದರೆ ‘ಅ’ಗೆ ಸಿಗುವುದು ಕಾಲುಭಾಗ, ಅ(ಬಕ) ಎಂದರೆ ಅರ್ಧ. ನಡೆದ ದಾರಿ ಒಂದೇ, ಫಲನ ಮಾತ್ರ ಬೇರೆ. ಈ ಒಡಕಿಗೆ ತೇಪೆ ಹಾಕಲು ಒಂದು ಆವರಣದ ರೂಪವನ್ನು ಇನ್ನೊಂದಕ್ಕೆ ಬದಲಿಸುವ ಅಸೋಸಿಯೇಟರ್ ಬೇಕು, ಅದರ ಮೇಲೆ ಅಂಥ ಬದಲಾವಣೆಗಳು ಒಂದಕ್ಕೊಂದು ಹೊಂದಬೇಕೆನ್ನುವ ಪಂಚಭುಜ ನಿಯಮ, ಆಯಾಮ ಏರಿದಂತೆ ತೇಪೆಯ ಮೇಲೆ ತೇಪೆ.

ಗಣಿತಜ್ಞರಾದ ಸ್ಕಾಟ್ ಮಾರಿಸನ್ ಮತ್ತು ಕೆವಿನ್ ವಾಕರ್ 2010ರಲ್ಲಿ ಬ್ಲಾಬ್ ಕಾಂಪ್ಲೆಕ್ಸ್ (ಆಕಾರ ಮತ್ತು ಕೆಟಗರಿಯಿಂದ ಕಟ್ಟುವ ಒಂದು ಬೀಜಗಣಿತದ ರಚನೆ) ಕುರಿತ ಪ್ರಬಂಧದಲ್ಲಿ ಆ [0, 1] ಎಂಬ ಅಚ್ಚನ್ನೇ ಬಿಟ್ಟುಬಿಟ್ಟರು. ಅವರ ಎನ್-ಕೆಟಗರಿಯಲ್ಲಿ (ಎನ್ ಆಯಾಮದವರೆಗಿನ ಬಾಣಗಳಿರುವ ಕೆಟಗರಿ) 0ಯಿಂದ ಎನ್‌ವರೆಗಿನ ಪ್ರತಿ ಆಯಾಮಕ್ಕೂ ಒಂದು ಫಂಕ್ಟರ್, ಎಂದರೆ ಹೊಂದಿಸಿಕೊಡುವ ನಿಯಮ: ಆ ಆಯಾಮದ ಚೆಂಡು ಕೊಟ್ಟರೆ ಒಂದು ಗಣ, ಹೋಮಿಯೋಮಾರ್ಫಿಸಂ (ಹರಿಯದೆ, ಅಂಟಿಸದೆ ಒಂದು ಚೆಂಡನ್ನು ಇನ್ನೊಂದಾಗಿಸುವ ರೂಪಾಂತರ) ಕೊಟ್ಟರೆ ಗಣಗಳ ನಡುವೆ ಬೈಜೆಕ್ಷನ್ (ಒಂದಕ್ಕೊಂದು ಹೊಂದಿಕೆ). ಚೆಂಡಿಗೆ ನಿಗದಿತ ಅಳತೆಯಿಲ್ಲ. ಎರಡು ಚೆಂಡು ಅಂಟಿಸಿದರೆ ದೊಡ್ಡ ಚೆಂಡು, ಅಷ್ಟೇ. ಅದನ್ನು ಕುಗ್ಗಿಸುವ ಪ್ರಶ್ನೆಯೇ ಇಲ್ಲದ್ದರಿಂದ ಅಂಟಿಸುವ ಕ್ರಮವೂ ಲೆಕ್ಕಕ್ಕಿಲ್ಲ. ಅಸೋಸಿಯೇಟರ್ ಬೇಕೇ ಬೇಕೆನ್ನುವವರು ಒಂದು ಮಾದರಿ ಚೆಂಡು ಆರಿಸಿಕೊಂಡರೆ ಅದು ತಾನಾಗಿ ಹುಟ್ಟುತ್ತದೆ.

ಗೆರೆಚಿತ್ರಗಳಿಂದ ಕಟ್ಟಿದ ಟೆಂಪರ್ಲಿ–ಲೀಬ್ ಎಂಬ ಉದಾಹರಣೆಯನ್ನು ಕೈಯಲ್ಲಿ ಬಿಡಿಸಿಕೊಂಡರೆ ನಿಯಮಗಳ ಅಗತ್ಯ ತಿಳಿಯುತ್ತದೆ. 1-ಚೆಂಡಿನ, ಅಂದರೆ ಗೆರೆಯ ತುಂಡಿನ ಮೇಲೆ, ತುದಿ ಬಿಟ್ಟು, ಕೆಲವು ಬಿಂದುಗಳು. 2-ಚೆಂಡಿನೊಳಗೆ, ಅಂದರೆ ತಟ್ಟೆಯೊಳಗೆ, ಒಂದನ್ನೊಂದು ದಾಟದ ಗೆರೆಗಳು, ಅವುಗಳ ರೇಖೀಯ ಸಂಯೋಜನೆಗಳು; ಮುಚ್ಚಿದ ಉಂಗುರ ಸಿಕ್ಕರೆ ಅಳಿಸಿ ‘ಡಿ’ ಎಂಬ ನಿಗದಿತ ಸಂಖ್ಯೆಯಿಂದ ಗುಣಿಸಿ. ತಟ್ಟೆಯ ಅಂಚಿನಲ್ಲಿ 4 ಬಿಂದುಗಳಿದ್ದರೆ ಈ ಸಂಯೋಜನೆಗಳ ಸದಿಶ ಅವಕಾಶದ ಆಯಾಮ (ಬೇರೆಬೇರೆ ಮೂಲಚಿತ್ರಗಳ ಸಂಖ್ಯೆ) 2. 6 ಇದ್ದರೆ 5.

ಮೊದಲ ಎಡವಟ್ಟು ಕತ್ತರಿಸುವಲ್ಲಿ. ಅಂಚನ್ನು ಸರಿಯಾಗಿ ಒಂದು ಬಿಂದುವಿನ ಮೇಲೆಯೇ ಕತ್ತರಿಸಿದರೆ ಅದು ಯಾವ ತುಂಡಿನ ಪಾಲು? ಆದ್ದರಿಂದ ‘ಇಲ್ಲಿ ಸೀಳಬಹುದಾದವು’ ಎಂಬ ಉಪಗಣವನ್ನು ನಿಯಮದಲ್ಲೇ ಬರೆದಿಡಬೇಕು. ಎರಡನೆಯದು ಐಡೆಂಟಿಟಿ, ಅಂದರೆ ಜೋಡಿಸಿದರೂ ಏನನ್ನೂ ಬದಲಿಸದ ತುಂಡು. ಬಿಂದುಗಳಿರುವ ಗೆರೆಯನ್ನು [0, 1] ಜತೆ ಗುಣಿಸಿದರೆ ಬರುವುದು ಆಯತ, ಬೇಕಾದದ್ದು ಎರಡೇ ಮೂಲೆಗಳ ದ್ವಿಭುಜ. ಹಾಗಾಗಿ ಎರಡು ಬದಿಗಳನ್ನು ಚಿವುಟಿ ಬಿಂದುವಾಗಿಸಲು ಅನುಮತಿ ಬೇಕು.

ಜಾರಿಬೀಳುವ ಜಾಗ ಐಸೊಟೊಪಿ, ಅಂದರೆ ಹರಿಯದೆ ಮೆಲ್ಲಗೆ ಎಳೆದಾಡುವುದು. ಅಂಚನ್ನು ಕದಲಿಸದೆ ಗೆರೆಗಳನ್ನು ಎಳೆದಾಡಿದರೂ ಚಿತ್ರ ಅದೇ ಎನ್ನುವ ನಿಯಮ ಅತಿ ಮೇಲಿನ ಆಯಾಮ ‘ಎನ್’ಗೆ ಮಾತ್ರ. ಕೆಳಗೂ ಹೇರಿ, ಅಂಚಿನಲ್ಲಿ ಬಿಂದುಗಳು ಎಷ್ಟು ಎಂಬುದಷ್ಟೇ ಉಳಿಯಿತೆನ್ನಿ. 4 ಬಿಂದುಗಳ, ಎರಡೆರಡು ಕಮಾನಿನ ಎರಡು ತಟ್ಟೆಗಳನ್ನು ಮುಖಾಮುಖಿ ಅಂಟಿಸಿ ಗೋಳ ಮಾಡಿದರೆ ಎರಡು ಉಂಗುರ, ಅಂದರೆ ಡಿ². ಒಂದು ತಟ್ಟೆಯನ್ನು ಒಂದು ಬಿಂದುವಿನಷ್ಟು ತಿರುಗಿಸಿ ಅಂಟಿಸಿ: ಒಂದೇ ಉಂಗುರ, ಡಿ. ಎರಡು ಉತ್ತರ ಬಂದಮೇಲೆ ಅಂಟಿಸುವ ಕ್ರಿಯೆಗೆ ಅರ್ಥವೇ ಇಲ್ಲ.

ಮ್ಯಾನಿಫೋಲ್ಡ್‌ಗೆ (ಹತ್ತಿರದಿಂದ ಚೆಂಡಿನಂತೆಯೇ ಕಾಣುವ ಯಾವುದೇ ಆಕಾರಕ್ಕೆ) ಹೋಗಲು ಅದನ್ನು ಚೆಂಡುಗಳಾಗಿ ಒಡೆದು, ಎಲ್ಲ ಒಡೆತಗಳ ಮೇಲೂ ಕೋಲಿಮಿಟ್ ತೆಗೆಯಬೇಕು, ಅಂದರೆ ಅವುಗಳ ಉತ್ತರಗಳನ್ನು ಹೊಂದಿಸಿ ಒಂದಾಗಿ ಅಂಟಿಸಬೇಕು. ಬಳೆಯಾಕಾರದ ಪಟ್ಟಿಯಲ್ಲಿ, ಅಂಚಿನಲ್ಲಿ ಬಿಂದುಗಳಿಲ್ಲದಾಗ, ನಡುವಿನ ತೂತನ್ನು ಸುತ್ತಿದ ಉಂಗುರ ಅಳಿಯುವುದಿಲ್ಲ. ಅಂಥವು 0, 1, 2, 3… ಎಷ್ಟಾದರೂ ಇರಬಹುದು, ಉತ್ತರ ಒಂದು ಚರದ ಬಹುಪದಗಳು. ಒಡೆಯುವಾಗಲೂ ಎಚ್ಚರ ಬೇಕು: ಹೋಮಿಯೋಮಾರ್ಫಿಸಂ ಲೋಕದಲ್ಲಿ ಎರಡು ಒಡೆತಗಳ ಗಡಿಗಳು ಅನಂತ ಬಾರಿ ದಾಟಿಕೊಳ್ಳಬಹುದು, ಆಗ ಎರಡಕ್ಕೂ ಸೇರಿ ಇನ್ನೂ ಸಣ್ಣದಾಗಿ ಒಡೆಯಲು ಬರುವುದಿಲ್ಲ.